ಸ್ಯಾನ್ ಬರ್ನಾರ್ಡಿನೊ ಕಾರ್ಗೋ ವಿಮಾನ ನಿಲ್ದಾಣದ ವಿಸ್ತರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕ್ಯಾಲಿಫೋರ್ನಿಯಾದ ಇನ್‌ಲ್ಯಾಂಡ್ ಎಂಪೈರ್ ಎಂಬ ಒಳನಾಡಿನ ಕಡೆ ಕೆಲಸಕ್ಕೆ ಬರುವ, ಮನೆ ಹುಡುಕುವ ಕನ್ನಡಿಗರು ಈ ನಿಲ್ದಾಣದ ಬಗ್ಗೆ ಕೇಳುತ್ತಲೇ ಇರುತ್ತಾರೆ. ಇಲ್ಲಿ ಅಮೆಜಾನ್‌ಗಾಗಿ ಕಟ್ಟಿದ ಸರಕು ವಿಮಾನ ಕೇಂದ್ರದ ವಿಷಯದಲ್ಲಿ ಊರು ಎರಡು ಭಾಗವಾದದ್ದು ಯಾಕೆ, ಯಾರು ಹೇಳುವುದು ಸರಿ, ಈಗ ಏನು ಮಾಡಬಹುದು ಅಂತ. ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಭಿಪ್ರಾಯ ಎಲ್ಲಿದೆಯೋ ಅಲ್ಲಿ ಅದು ನನ್ನದೇ ಎಂದು ಹೇಳಿದ್ದೇನೆ.

ಈ ನಿಲ್ದಾಣ ಎಲ್ಲಿದೆ? ಮೊದಲು ಅಲ್ಲಿ ಏನಿತ್ತು?

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ಹೋದರೆ, ಬೆಟ್ಟಸಾಲಿನ ಬುಡದಲ್ಲಿ ಸ್ಯಾನ್ ಬರ್ನಾರ್ಡಿನೊ ನಗರ. ನಗರದ ಆಗ್ನೇಯ ಅಂಚಿನಲ್ಲಿ ಈ ನಿಲ್ದಾಣ. ಸುತ್ತ ಹೈಲ್ಯಾಂಡ್, ರೆಡ್‌ಲ್ಯಾಂಡ್ಸ್, ಲೋಮಾ ಲಿಂಡಾ, ಕೋಲ್ಟನ್ ಊರುಗಳಿವೆ.

ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಇದು ಸೇನೆಯ ವಿಮಾನ ನೆಲೆಯಾಯಿತು. ಆಮೇಲೆ ನಾರ್ಟನ್ ವಾಯುನೆಲೆ ಅಂತ ಹೆಸರಾಯಿತು. ದೊಡ್ಡ ಸರಕು ವಿಮಾನಗಳು ಇಲ್ಲಿಂದ ಹಾರುತ್ತಿದ್ದವು. 1988ರಲ್ಲಿ ಮುಚ್ಚುವ ನೆಲೆಗಳ ಪಟ್ಟಿಗೆ ಸೇರಿತು, 1994ರಲ್ಲಿ ಮುಚ್ಚಿತು. ಸುಮಾರು 10 ಸಾವಿರ ಕೆಲಸ ಹೋಯಿತು ಅನ್ನುತ್ತಾರೆ. ಪಕ್ಕದ ಫಾಂಟಾನಾದ ಕೈಸರ್ ಉಕ್ಕಿನ ಕಾರ್ಖಾನೆ ಅದಕ್ಕೂ ಮುಂಚೆಯೇ, 1983ರಲ್ಲಿ, ನಿಂತಿತ್ತು. ಸ್ಯಾಂಟಾ ಫೆ ರೈಲ್ವೆಯ ದೊಡ್ಡ ವರ್ಕ್‌ಶಾಪ್ ಕೂಡ ಹೋಯಿತು. ಒಂದು ತಲೆಮಾರಿನೊಳಗೆ ದುಡಿಯುವ ಜನರ ಊರು ಕೆಲಸವಿಲ್ಲದ ಊರಾಯಿತು. 2012ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ವಿಸ್ತರಣೆಗೆ ಬೆಂಬಲ ಕೊಟ್ಟವರನ್ನು ಸುಮ್ನೆ ಕಂಪನಿಯ ಪರದವರು ಅಂತ ತಳ್ಳಿಹಾಕುವುದು ತಪ್ಪು. ಅಪ್ಪನ ಕೆಲಸ, ಮಾವನ ಕೆಲಸ ಹೋದದ್ದನ್ನು ಕಣ್ಣಾರೆ ಕಂಡವರು ಅವರಲ್ಲಿದ್ದಾರೆ.

ವಿಸ್ತರಣೆ ಅಂದರೆ ಏನು ಕಟ್ಟಿದರು?

ಈಸ್ಟ್‌ಗೇಟ್ ಎಂಬ ಏರ್ ಕಾರ್ಗೋ ಕೇಂದ್ರ. ಸುಮಾರು 100 ಎಕರೆಯಲ್ಲಿ, 6.58 ಲಕ್ಷ ಚದರ ಅಡಿಯ ಪಾರ್ಸೆಲ್ ವಿಂಗಡಿಸುವ ಕಟ್ಟಡ, ವಿಮಾನಗಳು ನಿಲ್ಲುವ ಜಾಗ, ಲಾರಿಗಳಿಗೆ ಡಾಕ್, ನೌಕರರ ಪಾರ್ಕಿಂಗ್. ಕಟ್ಟಿದ್ದು ಹಿಲ್‌ವುಡ್ ಎಂಬ ಟೆಕ್ಸಾಸ್‌ನ ಕಂಪನಿ. ಬಳಸುವುದು ಅಮೆಜಾನ್. 2021ರ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಯುಪಿಎಸ್, ಫೆಡ್‌ಎಕ್ಸ್ ವಿಮಾನಗಳು ಅದಕ್ಕೂ ಮುಂಚೆಯೇ ಇಲ್ಲಿಗೆ ಬರುತ್ತಿದ್ದವು. 2022ರಲ್ಲಿ ಬ್ರೀಜ್ ಏರ್‌ವೇಸ್‌ನಿಂದ ಪ್ರಯಾಣಿಕರ ವಿಮಾನವೂ ಶುರುವಾಯಿತು, ಆದರೆ ಜಗಳ ಅದರ ಬಗ್ಗೆ ಅಲ್ಲ.

ಇಷ್ಟು ಊರು ಬಿಟ್ಟು ಇಲ್ಲಿಗೇ ಯಾಕೆ ಬಂದರು?

ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇಳಿಯುವ ಕಂಟೇನರ್‌ಗಳು ನೇರ ಈ ಒಳನಾಡಿಗೆ ಬರುತ್ತವೆ. ಇಲ್ಲಿ ಸುಮಾರು 4,000 ಗೋದಾಮುಗಳಿವೆ. ಅವುಗಳ ಒಟ್ಟು ವಿಸ್ತೀರ್ಣ ಹತ್ತಿರ ಹತ್ತಿರ 100 ಕೋಟಿ ಚದರ ಅಡಿ. ದೊಡ್ಡ ಹೆದ್ದಾರಿಗಳು ಪಕ್ಕದಲ್ಲೇ ಇವೆ. ವಾಯುಸೇನೆ ಬಿಟ್ಟುಹೋದ ಸುಮಾರು 3 ಕಿ.ಮೀ. ಉದ್ದದ ರನ್‌ವೇ ಸಿದ್ಧವಾಗಿಯೇ ಇತ್ತು. ಜಾಗ ಕಡಿಮೆ ಬೆಲೆಗೆ ಸಿಗುತ್ತಿತ್ತು. ಎರಡು ದಿನದಲ್ಲಿ, ಒಂದು ದಿನದಲ್ಲಿ ಪಾರ್ಸೆಲ್ ಮನೆಗೆ ಮುಟ್ಟಿಸಬೇಕು ಅಂದರೆ ಗೋದಾಮಿನ ಪಕ್ಕದಲ್ಲೇ ವಿಮಾನ ಇರಬೇಕು.

ನಿಲ್ದಾಣ ಯಾರದ್ದು? ಕಂಪನಿಯದ್ದಾ?

ಅಲ್ಲ. ಇದನ್ನು ಜನ ನೆನಪಿಟ್ಟುಕೊಳ್ಳಬೇಕು. ನಿಲ್ದಾಣ ಒಂದು ಸಾರ್ವಜನಿಕ ಪ್ರಾಧಿಕಾರದ ಕೈಯಲ್ಲಿದೆ. ಅದರ ಮಂಡಳಿಯಲ್ಲಿ ಕೂರುವವರು ಕೌಂಟಿಯಿಂದ (ನಮ್ಮ ಜಿಲ್ಲೆಯಂಥದ್ದು) ಮತ್ತು ಸುತ್ತಲಿನ ನಗರಗಳಿಂದ ಆರಿಸಿ ಬಂದ ಪ್ರತಿನಿಧಿಗಳು. ಕಂಪನಿಗೆ ಇರುವುದು ಗುತ್ತಿಗೆ ಮಾತ್ರ. ಅಂದರೆ ನೆಲ ಜನರದ್ದು, ಸಹಿ ಹಾಕುವವರು ಜನ ಆರಿಸಿದವರು. ಈ ಜಗಳದಲ್ಲಿ ಜನರ ಕೈಯಲ್ಲಿ ನಿಜವಾಗಿ ಏನಾದರೂ ಹಿಡಿತ ಇತ್ತು ಅಂದರೆ ಅದು ಆ ಸಹಿಯಲ್ಲೇ.

ಗಾಳಿ ಹಾಳಾಗುತ್ತದೆ ಅನ್ನುವುದು ನಿಜವಾ, ಬರೀ ಭಯವಾ?

ಗಾಳಿ ಹಾಳಾಗಿರುವುದು ನಿಜ. ವಿಮಾನ ಬರುವ ಮುಂಚೆಯೇ ಹಾಳಾಗಿತ್ತು ಅನ್ನುವುದೂ ನಿಜ. ವಾದ ಇರುವುದು ಇದರ ಮೇಲೆ ಇನ್ನಷ್ಟು ಹೇರಬಹುದೇ ಅನ್ನುವುದರ ಬಗ್ಗೆ.

ಅಮೆರಿಕದ ಶ್ವಾಸಕೋಶ ಸಂಘ ಪ್ರತಿ ವರ್ಷ ಗಾಳಿಯ ಗುಣಮಟ್ಟದ ಪಟ್ಟಿ ಹೊರಡಿಸುತ್ತದೆ. ಓಝೋನ್ ವಿಷಯದಲ್ಲಿ ಇಡೀ ದೇಶದ ಅತಿ ಕೆಟ್ಟ ಕೌಂಟಿ ಅಂತ ಸ್ಯಾನ್ ಬರ್ನಾರ್ಡಿನೊ ವರ್ಷಗಟ್ಟಲೆ ಹೆಸರಾಗಿದೆ. ಕಾರಣ ಸರಳ. ಸಮುದ್ರದ ಗಾಳಿ ಲಾಸ್ ಏಂಜಲೀಸ್ ಕಡೆಯ ಹೊಗೆಯನ್ನು ಒಳನಾಡಿಗೆ ತಳ್ಳುತ್ತದೆ. ಮುಂದೆ ಬೆಟ್ಟಸಾಲು ಅಡ್ಡ ನಿಂತಿದೆ. ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಎಂಜಿನ್‌ಗಳಿಂದ ಬರುವ ನೈಟ್ರೋಜನ್ ಆಕ್ಸೈಡ್, ಇಂಧನದ ಆವಿ, ಅದರ ಮೇಲೆ ಬಿಸಿಲು. ಮೂರೂ ಸೇರಿದರೆ ನೆಲಮಟ್ಟದಲ್ಲೇ ಓಝೋನ್ ಹುಟ್ಟುತ್ತದೆ. ಬಿಸಿಲು ಜಾಸ್ತಿ ಇದ್ದ ದಿನ ಓಝೋನ್ ಕೂಡ ಜಾಸ್ತಿ. ಇದರ ಜೊತೆಗೆ ಡೀಸೆಲ್ ಮಸಿ ಇದೆ. ಈ ಪ್ರದೇಶದ ವಿಷಗಾಳಿಯಿಂದ ಬರುವ ಕ್ಯಾನ್ಸರ್ ಅಪಾಯದಲ್ಲಿ ದೊಡ್ಡ ಪಾಲು ಡೀಸೆಲ್ ಮಸಿಯದ್ದೇ ಅಂತ ದಕ್ಷಿಣ ಕರಾವಳಿಯ ವಾಯು ಗುಣಮಟ್ಟ ಇಲಾಖೆಯ ಅಧ್ಯಯನಗಳೇ ಹೇಳಿವೆ.

ಇಲ್ಲಿ ಕಾರ್ಗೋ ನಿಲ್ದಾಣ ಅಂದರೆ ವಿಮಾನ ಮಾತ್ರ ಅಲ್ಲ. ಒಂದು ಬೋಯಿಂಗ್ 767 ಇಳಿಸಿದ ಸರಕನ್ನು ಹೊರಗೆ ಸಾಗಿಸಲು ಎಷ್ಟೋ ಲಾರಿ ಬೇಕು. ವಿಮಾನ ನಿಂತಾಗಲೂ ಅದರ ಬಾಲದಲ್ಲಿರುವ ಸಣ್ಣ ಎಂಜಿನ್ ಕರೆಂಟಿಗಾಗಿ ಓಡುತ್ತಿರುತ್ತದೆ. ನೆಲದಿಂದಲೇ ಕರೆಂಟ್ ಕೊಟ್ಟರೆ ಅದನ್ನು ಆರಿಸಬಹುದು. ಸರಕು ಎಳೆಯುವ ಟ್ರ್ಯಾಕ್ಟರ್‌ಗಳು ಡೀಸೆಲ್‌ನಿಂದಲೂ ಓಡುತ್ತವೆ, ಬ್ಯಾಟರಿಯಿಂದಲೂ ಓಡುತ್ತವೆ. ಯಾವುದನ್ನು ಬಳಸುತ್ತಾರೆ ಅನ್ನುವುದು ಕರಾರಿನಲ್ಲಿ ಬರೆಸಿಕೊಳ್ಳುವ ವಿಷಯ. ಈ ಯೋಜನೆಯಿಂದ ದಿನಕ್ಕೆ ಒಂದು ಟನ್ ಮಾಲಿನ್ಯ ಹೊರಬರುತ್ತದೆ ಅನ್ನುವ ಲೆಕ್ಕ ಕೋರ್ಟಿನಲ್ಲೂ ಬಂತು.

ಶಬ್ದ ನಿಯಮದೊಳಗೇ ಇದೆ ಅಂತಾರಲ್ಲ, ಹಾಗಾದರೆ ದೂರು ಯಾಕೆ?

ನಿಯಮ ಅಳೆಯುವುದೇ ಬೇರೆ, ಜನ ಅನುಭವಿಸುವುದೇ ಬೇರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಮೆರಿಕದ ವಿಮಾನಯಾನ ಆಡಳಿತ, ಅಂದರೆ ಎಫ್‌ಎಎ, ಹಗಲು ರಾತ್ರಿಯ ಶಬ್ದವನ್ನೆಲ್ಲ ಸೇರಿಸಿ ಒಂದು ಸರಾಸರಿ ತೆಗೆಯುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹಾರಾಟಕ್ಕೆ 10 ಡೆಸಿಬಲ್ ಹೆಚ್ಚು ಸೇರಿಸುತ್ತಾರೆ. ಅಂದರೆ ರಾತ್ರಿಯ ಒಂದು ವಿಮಾನ ಹಗಲಿನ ಹತ್ತಕ್ಕೆ ಸಮ. ಕ್ಯಾಲಿಫೋರ್ನಿಯಾ ರಾಜ್ಯ ಸಂಜೆ 7ರಿಂದ 10ರವರೆಗೂ ಸುಮಾರು 5 ಡೆಸಿಬಲ್ ಸೇರಿಸುತ್ತದೆ. ಇಷ್ಟೆಲ್ಲ ಮಾಡಿ ಬಂದ ಸರಾಸರಿ 65 ಡೆಸಿಬಲ್ ಒಳಗಿದ್ದರೆ ಅಲ್ಲಿ ಮನೆ ಇರಬಹುದು, ತೊಂದರೆಯಿಲ್ಲ ಅನ್ನುತ್ತದೆ ನಿಯಮ. 65 ಅಥವಾ ಅದಕ್ಕೂ ಹೆಚ್ಚು ಶಬ್ದ ಬೀಳುವ ಜಾಗದಲ್ಲಿ, ಅಂದರೆ ನಕ್ಷೆಯ 65ರ ಗೆರೆಯೊಳಗೆ, ಇರುವ ಮನೆಗಳಿಗೆ 1.5 ಡೆಸಿಬಲ್ ಹೆಚ್ಚಾದರೆ ಮಾತ್ರ ಅದು ಗಮನಾರ್ಹ ಪರಿಣಾಮ.

ಆದರೆ ಮನುಷ್ಯರು ಎಚ್ಚರಾಗುವುದು ವಾರ್ಷಿಕ ಸರಾಸರಿಗೆ ಅಲ್ಲ. ಮಧ್ಯರಾತ್ರಿ ಮನೆಯ ಮೇಲೆ ಹಾದುಹೋಗುವ ಒಂದು ವಿಮಾನಕ್ಕೆ. ಗೆರೆಯಿಂದ ಒಂದು ಬೀದಿ ಆಚೆಗಿದ್ದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ರೆಡ್‌ಲ್ಯಾಂಡ್ಸ್, ಹೈಲ್ಯಾಂಡ್ ಕಡೆಯ ದೂರುಗಳು ಇಂಥವೇ. ಎಫ್‌ಎಎ ತಾನೇ ಮಾಡಿಸಿ 2021ರ ಜನವರಿಯಲ್ಲಿ ಹೊರತಂದ ಸಮೀಕ್ಷೆಯಲ್ಲಿ, 20 ನಿಲ್ದಾಣಗಳ ಸುತ್ತಲಿನ 10 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿದರು. ಅಷ್ಟೇ ಶಬ್ದಕ್ಕೆ ಹಿಂದೆ ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಜನ ಕಿರಿಕಿರಿ ಪಡುತ್ತಿದ್ದಾರೆ ಅಂತ ಗೊತ್ತಾಯಿತು. 65ರ ಗೆರೆ 1970ರ ದಶಕದ ತಿಳಿವಳಿಕೆಯ ಮೇಲೆ ನಿಂತಿದೆ. ಅದು ಹಳೆಯದಾಗಿದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ರಾತ್ರಿ ವಿಮಾನಗಳನ್ನು ನಿಷೇಧಿಸಿದರೆ ಆಯಿತಲ್ಲ?

ನಗರಸಭೆಗೆ ಆ ಅಧಿಕಾರ ಇಲ್ಲ. 1990ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಅದಾದ ಮೇಲೆ ಯಾವ ಸ್ಥಳೀಯ ನಿಲ್ದಾಣವೂ ಎಫ್‌ಎಎ ಒಪ್ಪಿಗೆಯಿಲ್ಲದೆ, ಅಥವಾ ವಿಮಾನ ಕಂಪನಿಗಳೇ ಒಪ್ಪದೆ, ಈಗಿನ ಮಾದರಿಯ ವಿಮಾನಗಳಿಗೆ ಹೊಸದಾಗಿ ರಾತ್ರಿ ನಿರ್ಬಂಧ ಹೇರುವಂತಿಲ್ಲ. ಇದೇ ದಕ್ಷಿಣ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಿಲ್ದಾಣ ವರ್ಷಗಟ್ಟಲೆ ಅಧ್ಯಯನ ಮಾಡಿಸಿ, ಕೋಟಿಗಟ್ಟಲೆ ಖರ್ಚು ಮಾಡಿ ಅರ್ಜಿ ಹಾಕಿತು. 2009ರಲ್ಲಿ ಎಫ್‌ಎಎ ಆಗುವುದಿಲ್ಲ ಅಂದಿತು.

ಹಾಗಂತ ದಾರಿ ಪೂರ್ತಿ ಮುಚ್ಚಿಲ್ಲ. ಕಂಪನಿ ಒಪ್ಪಿ ಮಾಡಿಕೊಳ್ಳುವ ಒಪ್ಪಂದಕ್ಕೆ ಆ ಕಾನೂನಿನಲ್ಲೇ ಜಾಗ ಇದೆ. ಆದರೆ ಕಂಪನಿ ಯಾವಾಗ ಒಪ್ಪುತ್ತದೆ? ಅದಕ್ಕೆ ಗುತ್ತಿಗೆ ಬೇಕಾಗಿರುವಾಗ. ಗುತ್ತಿಗೆ ಕೈಗೆ ಬಂದ ಮೇಲೆ ಅಲ್ಲ.

ಕೋರ್ಟಿಗೆ ಹೋದರಲ್ಲ, ಏನಾಯಿತು?

2019ರ ಡಿಸೆಂಬರ್‌ನಲ್ಲಿ ಎಫ್‌ಎಎ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪರಿಸರದ ಮೇಲೆ ಗಮನಾರ್ಹ ಪರಿಣಾಮ ಇಲ್ಲ, ಹಾಗಾಗಿ ದೊಡ್ಡ ಪರಿಸರ ವರದಿ ಬೇಕಿಲ್ಲ ಅಂದಿತು. ಇದರ ವಿರುದ್ಧ ಸ್ಥಳೀಯ ಪರಿಸರ ನ್ಯಾಯ ಸಂಘಟನೆ, ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ, ಟೀಮ್‌ಸ್ಟರ್ಸ್ ಕಾರ್ಮಿಕ ಸಂಘದ 1932ನೇ ಘಟಕ ಮತ್ತು ಕೆಲವು ನಿವಾಸಿಗಳು ಒಂಬತ್ತನೇ ಸರ್ಕಿಟ್ ಎಂಬ ಕೇಂದ್ರ ಸರ್ಕಾರದ ಮಟ್ಟದ ಮೇಲ್ಮನವಿ ನ್ಯಾಯಾಲಯಕ್ಕೆ ಹೋದರು. ಕ್ಯಾಲಿಫೋರ್ನಿಯಾ ರಾಜ್ಯ ಸರ್ಕಾರವೇ ಅವರ ಜೊತೆ ನಿಂತಿತು. ಕಾರ್ಮಿಕ ಸಂಘ ಮತ್ತು ಪರಿಸರದವರು ಒಂದೇ ಕಡೆ ನಿಲ್ಲುವುದು ಅಪರೂಪ. ಇಲ್ಲಿ ನಿಂತರು.

2021ರ ನವೆಂಬರ್‌ನಲ್ಲಿ ತೀರ್ಪು ಬಂತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಎಫ್‌ಎಎ ಪರ. ಅಧ್ಯಯನಕ್ಕೆ ಆರಿಸಿಕೊಂಡ ಪ್ರದೇಶ ತುಂಬಾ ಚಿಕ್ಕದು, ಸುತ್ತಮುತ್ತ ಬರುತ್ತಿರುವ 80ಕ್ಕೂ ಹೆಚ್ಚು ಯೋಜನೆಗಳ ಒಟ್ಟು ಹೊರೆಯನ್ನು ಸರಿಯಾಗಿ ಲೆಕ್ಕ ಹಾಕಿಲ್ಲ ಅನ್ನುವುದು ಅರ್ಜಿದಾರರ ವಾದವಾಗಿತ್ತು. ಇದರಿಂದ ನಿರ್ದಿಷ್ಟವಾಗಿ ಯಾವ ಪರಿಣಾಮ ಬಿಟ್ಟುಹೋಯಿತು ಅಂತ ಅವರು ತೋರಿಸಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಾಧೀಶೆ ಜಾನಿ ರಾಲಿನ್‌ಸನ್ ಒಪ್ಪಲಿಲ್ಲ. ಈ ಪ್ರಕರಣದಲ್ಲಿ ಪರಿಸರ ಜನಾಂಗಭೇದದ ವಾಸನೆ ಹೊಡೆಯುತ್ತಿದೆ ಅನ್ನುವ ಮಾತಿನಿಂದಲೇ ಅವರ ಭಿನ್ನ ತೀರ್ಪು ಶುರುವಾಗುತ್ತದೆ. ಬಿಳಿಯರಲ್ಲದ ಜನರೇ ಹೆಚ್ಚಾಗಿರುವ, ಈಗಾಗಲೇ ಹೊಗೆಯಲ್ಲಿ ಮುಳುಗಿರುವ ಊರಿನ ಮೇಲೆ ಇನ್ನೊಂದು ಹೊರೆ ಹೇರುವಾಗ ಪೂರ್ತಿ ವರದಿ ಬೇಡ ಅನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ನನಗೂ ಅದೇ ಪ್ರಶ್ನೆ.

ತಾರೀಕುಗಳನ್ನು ನೋಡಿ. ಕೇಂದ್ರ ಏಪ್ರಿಲ್‌ನಲ್ಲೇ ತೆರೆದಿತ್ತು. ತೀರ್ಪು ಬಂದದ್ದು ನವೆಂಬರ್‌ನಲ್ಲಿ. ಅರ್ಜಿದಾರರು ಗೆದ್ದಿದ್ದರೂ ಕಟ್ಟಡ ಅಲ್ಲೇ ಇರುತ್ತಿತ್ತು, ವಿಮಾನ ಹಾರುತ್ತಲೇ ಇರುತ್ತಿತ್ತು.

ರಾಜ್ಯದ ವರದಿ ಒಂದು ಹೇಳಿತು, ಕೇಂದ್ರ ಸರ್ಕಾರದ್ದು ಇನ್ನೊಂದು ಹೇಳಿತು. ಅದು ಹೇಗೆ?

ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಮಾಡಿದ ವರದಿ ಗಾಳಿ, ಹಸಿರುಮನೆ ಅನಿಲ ಮತ್ತು ಶಬ್ದದ ಮೇಲೆ ಗಮನಾರ್ಹ ಪರಿಣಾಮ ಇದೆ ಅಂದಿತು. ಕೇಂದ್ರದ ಕಾನೂನಿನ ಪ್ರಕಾರ ಮಾಡಿದ ಸಣ್ಣ ವರದಿ ಇಲ್ಲ ಅಂದಿತು. ಅದೇ ವಿಮಾನ, ಅದೇ ಲಾರಿ. ಎರಡೂ ಕಾನೂನುಗಳ ಅಳತೆಗೋಲು ಬೇರೆ, ಹೋಲಿಸುವ ರೀತಿಯೂ ಬೇರೆ ಅನ್ನುವುದು ಕಾನೂನಿನ ಉತ್ತರ. ಆ ಉತ್ತರ ಕೋರ್ಟಿಗೆ ಸಾಕಾಯಿತು. ಆಸ್ತಮಾ ಇರುವ ಮಗುವಿನ ತಾಯಿಗೆ ಅದು ಸಾಕಾಗುವುದಿಲ್ಲ, ಸಾಕಾಗಬೇಕಾಗಿಯೂ ಇಲ್ಲ.

ಇನ್ನೊಂದು ವಿಷಯ. ರಾಜ್ಯದ ಕಾನೂನು ಪರಿಣಾಮ ಇದೆ ಎಂದು ಒಪ್ಪಿಕೊಂಡ ಮೇಲೂ, ಲಾಭ ಅದಕ್ಕಿಂತ ದೊಡ್ಡದು ಅಂತ ಕಾರಣ ಬರೆದಿಟ್ಟು ಮುಂದೆ ಹೋಗಲು ಬಿಡುತ್ತದೆ. ವರದಿ ಎಚ್ಚರಿಸಬಹುದು, ತಡೆಯಲಾರದು. ಮೇಲಾಗಿ 2025ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಯೂಟಾ ರಾಜ್ಯದ ಒಂದು ರೈಲು ಮಾರ್ಗದ ಪ್ರಕರಣದಲ್ಲಿ, ಕೇಂದ್ರದ ಪರಿಸರ ವರದಿಗಳ ವಿಷಯದಲ್ಲಿ ಕೋರ್ಟುಗಳು ಇಲಾಖೆಯ ಮಾತಿಗೆ ಇನ್ನೂ ಹೆಚ್ಚು ಬೆಲೆ ಕೊಡಬೇಕು ಅಂದಿದೆ. ಅಂದರೆ ಈ ದಾರಿ ಇನ್ನಷ್ಟು ಕಿರಿದಾಗಿದೆ.

ಕೆಲಸ ಸಿಕ್ಕಿತಾ ಇಲ್ಲವಾ?

ಸಿಕ್ಕಿತು. ಸುಮಾರು 3,800 ಕೆಲಸ ಅಂತ ಮೊದಲು ಹೇಳಿದ್ದರು. ಎಂಥ ಕೆಲಸ ಅನ್ನುವ ಪ್ರಶ್ನೆ ಆಮೇಲೆ ಬಂತು. 2022ರ ಆಗಸ್ಟ್ 15ರಂದು ಇದೇ ಕೇಂದ್ರದ ನೌಕರರು ಕೆಲಸ ಬಿಟ್ಟು ಹೊರಗೆ ನಡೆದರು. ಆಗ ಆರಂಭದ ಸಂಬಳ ಗಂಟೆಗೆ 17 ಡಾಲರ್. 5 ಡಾಲರ್ ಹೆಚ್ಚಿಸಿ ಅಂತ ಕೇಳಿದರು. ವಿಮಾನಗಳ ಪಕ್ಕ, ಕಾದ ಕಾಂಕ್ರೀಟಿನ ಮೇಲೆ ಕೆಲಸ ಮಾಡುವವರಿಗೆ ಸೆಕೆಯಿಂದ ರಕ್ಷಣೆ ಬೇಕು ಅನ್ನುವುದು ಇನ್ನೊಂದು ಬೇಡಿಕೆ. ಈ ಊರಿನ ಬೇಸಿಗೆ ಗೊತ್ತಿದ್ದವರಿಗೆ ಅದನ್ನು ವಿವರಿಸುವುದು ಬೇಡ.

ಕಂಪನಿ ಬಿಟ್ಟುಹೋದರೆ ಏನು ಅನ್ನುವ ಭಯವೂ ಸುಳ್ಳಲ್ಲ. ಪಕ್ಕದ ರಿವರ್‌ಸೈಡ್ ಕೌಂಟಿಯ ಮಾರ್ಚ್ ಎಂಬ ಹೆಸರಿನ ವಾಯುನೆಲೆಗೆ 2005ರಲ್ಲಿ ಡಿಎಚ್‌ಎಲ್ ಬಂತು. ರಾತ್ರಿ ಹಾರಾಟದ ವಿರುದ್ಧ ಸುತ್ತಲಿನ ಜನ ಜಗಳ ಮಾಡಿದರು. ಆದರೆ ಅದು ಹೊರಟದ್ದು ಆ ಜಗಳದಿಂದಲ್ಲ. ಅಮೆರಿಕದೊಳಗಿನ ಪಾರ್ಸೆಲ್ ವ್ಯವಹಾರವನ್ನೇ ಡಿಎಚ್‌ಎಲ್ ನಿಲ್ಲಿಸಿತು. ಅದೇ ಹೊತ್ತಿಗೆ ಒಹಾಯೊ ರಾಜ್ಯದ ವಿಲ್ಮಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಒಂದೇ ಗಿರಾಕಿಯ ಮೇಲೆ ನಿಂತ ನಿಲ್ದಾಣಕ್ಕೆ ಈ ಅಪಾಯ ಯಾವಾಗಲೂ ಇದೆ.

ವಿರೋಧಿಸುವವರು ನಿಲ್ದಾಣ ಮುಚ್ಚಿ ಅಂತಾರಾ?

ಹೆಚ್ಚಿನವರು ಹಾಗೆ ಕೇಳಲಿಲ್ಲ. ಸಂಘಟನೆಗಳ ಒಕ್ಕೂಟ ಕೇಳಿದ್ದು ಸಮುದಾಯ ಲಾಭ ಒಪ್ಪಂದ. ಸ್ಥಳೀಯರಿಗೆ ಕೆಲಸ, ಬದುಕುವಷ್ಟು ಸಂಬಳ, ಬ್ಯಾಟರಿ ವಾಹನ, ಮನೆ ಮತ್ತು ಶಾಲೆಗಳಿಗೆ ಶಬ್ದ ತಡೆ, ಲಾರಿ ಓಡುವ ದಾರಿ. ಇವನ್ನು ಬಾಯಿಮಾತಿನಲ್ಲಿ ಅಲ್ಲ, ಕೋರ್ಟಿನಲ್ಲಿ ನಿಲ್ಲುವ ಕರಾರಿನಲ್ಲಿ ಬರೆಯಿರಿ ಅಂದರು.

ಇದು ಆಗದ ಕೆಲಸವಲ್ಲ. 2004ರಲ್ಲಿ ಲಾಸ್ ಏಂಜಲೀಸ್ ದೊಡ್ಡ ನಿಲ್ದಾಣದ ವಿಸ್ತರಣೆಯ ವೇಳೆ ಸುತ್ತಲಿನ ಶಾಲೆಗಳು, ಚರ್ಚ್‌ಗಳು, ಕಾರ್ಮಿಕ ಸಂಘಗಳು ಒಟ್ಟಾಗಿ ಇಂಥದ್ದೇ ಒಪ್ಪಂದ ಮಾಡಿಸಿಕೊಂಡವು. ಅದರ ಮೌಲ್ಯ ಸುಮಾರು 50 ಕೋಟಿ ಡಾಲರ್. ಶಾಲೆ ಮತ್ತು ಮನೆಗಳಿಗೆ ಶಬ್ದ ತಡೆ, ನಿಂತ ವಿಮಾನಗಳಿಗೆ ನೆಲದ ಕರೆಂಟ್, ಸ್ಥಳೀಯರಿಗೆ ಮೊದಲ ಅವಕಾಶ, ಎಲ್ಲ ಅದರಲ್ಲಿತ್ತು. ಸ್ಯಾನ್ ಬರ್ನಾರ್ಡಿನೊದಲ್ಲಿ ಕೇಂದ್ರ ತೆರೆಯುವಾಗ ಅಂಥ ಒಪ್ಪಂದ ಇರಲಿಲ್ಲ. ಕೋರ್ಟಿನ ಸೋಲಿಗಿಂತ ಇದೇ ದೊಡ್ಡ ನಷ್ಟ ಅಂತ ನಾನು ನಂಬಿದ್ದೇನೆ. ವಿಮಾನದ ಎಂಜಿನ್, ಹಾರುವ ದಾರಿ, ಹಾರುವ ಹೊತ್ತು, ಎಲ್ಲವೂ ಕೇಂದ್ರ ಸರ್ಕಾರದ ಹಿಡಿತದಲ್ಲಿದೆ. ಊರಿನ ಕೈಯಲ್ಲಿ ಇದ್ದದ್ದು ನೆಲ ಒಂದೇ. ಅದನ್ನು ಕೊಡುವಾಗ ಕೇಳಬೇಕಿತ್ತು.

ಲಾರಿಗಳಿಗೆ ಏನೂ ನಿಯಮ ಇಲ್ಲವಾ?

ಇವೆ, ಮತ್ತು ಇವು ಜನರ ಹೋರಾಟದಿಂದಲೇ ಬಂದವು. 2021ರ ಮೇ ತಿಂಗಳಲ್ಲಿ ವಾಯು ಗುಣಮಟ್ಟ ಇಲಾಖೆ ದೇಶದಲ್ಲೇ ಮೊದಲ ಬಾರಿಗೆ ಗೋದಾಮುಗಳಿಗೆ ನಿಯಮ ತಂದಿತು. 1 ಲಕ್ಷ ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಗೋದಾಮುಗಳು ಬರುವ ಲಾರಿಗಳ ಲೆಕ್ಕಕ್ಕೆ ತಕ್ಕಂತೆ ಅಂಕ ಗಳಿಸಬೇಕು. ಬ್ಯಾಟರಿ ಲಾರಿ, ಚಾರ್ಜರ್, ಸೋಲಾರ್ ಹಾಕಿದರೆ ಅಂಕ. ಇಲ್ಲದಿದ್ದರೆ ದುಡ್ಡು ಕಟ್ಟಬೇಕು. 2024ರಲ್ಲಿ ರಾಜ್ಯವೂ ಒಂದು ಕಾನೂನು ಮಾಡಿ, ಹೊಸ ಗೋದಾಮು ಮತ್ತು ಮನೆಗಳ ನಡುವೆ ಅಂತರ, ಲಾರಿಗಳಿಗೆ ಬೇರೆ ದಾರಿ ಬೇಕು ಅಂದಿತು. ಅಂತರ ಸಾಲದು ಅಂತ ಜನ ಸಂಘಟನೆಗಳು ಆಗಲೇ ಹೇಳಿದ್ದವು.

ನಾವೇ ದಿನಾ ಆರ್ಡರ್ ಮಾಡುತ್ತೇವೆ. ದೂರುವ ಹಕ್ಕು ನಮಗಿದೆಯಾ?

ಇದೆ. ಪಾರ್ಸೆಲ್ ಇಡೀ ರಾಜ್ಯಕ್ಕೆ ಹೋಗುತ್ತದೆ, ಹೊಗೆ ಮಾತ್ರ ಕೆಲವೇ ಬೀದಿಗಳಲ್ಲಿ ಉಳಿಯುತ್ತದೆ. ಆ ಬೀದಿಯವರ ಮಾತು ಕೇಳಿ ಅನ್ನುವುದಕ್ಕೆ ಯಾರೂ ಆರ್ಡರ್ ನಿಲ್ಲಿಸಬೇಕಾಗಿಲ್ಲ.

ಹತ್ತಿರದಲ್ಲಿ ಮನೆ ಕೊಳ್ಳುವವರು ಏನು ನೋಡಬೇಕು?

ನಿಲ್ದಾಣದ ಪ್ರಭಾವ ವಲಯದಲ್ಲಿ ಮನೆ ಇದ್ದರೆ ಮಾರುವವರು ಅದನ್ನು ಲಿಖಿತವಾಗಿ ತಿಳಿಸಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತದೆ. ಸಹಿ ಹಾಕುವ ರಾಶಿ ಕಾಗದದಲ್ಲಿ ಅದು ಒಂದು ಹಾಳೆ ಅಷ್ಟೇ. ಹುಡುಕಿ ಓದಿ. ಶಬ್ದದ ಗೆರೆಗಳ ನಕ್ಷೆ ನೋಡಿ, ಆದರೆ ಅದನ್ನೇ ನಂಬಬೇಡಿ. ರಾತ್ರಿ ಹೊತ್ತು ಆ ಬೀದಿಗೆ ಹೋಗಿ ನಿಂತು ಕೇಳಿ. ಲಾರಿ ಓಡುವ ರಸ್ತೆ ಎಷ್ಟು ದೂರ ಅನ್ನುವುದೂ ವಿಮಾನದಷ್ಟೇ ಮುಖ್ಯ, ಮಕ್ಕಳಿದ್ದರೆ ಅದಕ್ಕಿಂತ ಮುಖ್ಯ.

ಮುಂದಿನ ಯೋಜನೆ ಬಂದಾಗ ನಾವು ಏನು ಮಾಡಬಹುದು? ಪೌರತ್ವ ಇಲ್ಲದವರೂ ಮಾತಾಡಬಹುದಾ?

ಮಾತಾಡಬಹುದು. ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆ ಪ್ರಕಾರ ಪ್ರಾಧಿಕಾರದ ಸಭೆಗಳು ಎಲ್ಲರಿಗೂ ತೆರೆದಿರಬೇಕು. ಪೌರತ್ವ, ವೀಸಾ ಕೇಳುವಂತಿಲ್ಲ. ಹೆಸರು ಬರೆಸದಿದ್ದರೆ ಒಳಗೆ ಬಿಡುವುದಿಲ್ಲ ಅನ್ನುವಂತೆಯೂ ಇಲ್ಲ. ಮಾಮೂಲು ಸಭೆಯ ವಿಷಯಪಟ್ಟಿ 72 ಗಂಟೆ ಮುಂಚೆ ಹಾಕಲೇಬೇಕು. ಗುತ್ತಿಗೆ, ಗುತ್ತಿಗೆ ತಿದ್ದುಪಡಿ ಅನ್ನುವ ಸಾಲು ಆ ಪಟ್ಟಿಯಲ್ಲಿ ಕಂಡರೆ ಅವತ್ತು ಹೋಗಿ. ಗಡುವುಗಳು ತುಂಬಾ ಚಿಕ್ಕವು. ರಾಜ್ಯದ ಪರಿಸರ ಕಾನೂನಿನಡಿ ಒಪ್ಪಿಗೆಯ ಸೂಚನೆ ದಾಖಲಾದ ಮೇಲೆ ಪ್ರಶ್ನಿಸಲು 30 ದಿನ. ಎಫ್‌ಎಎ ಆದೇಶಕ್ಕೆ 60 ದಿನ.

ಊರಿಂದ ಬಂದು ಜೊತೆಗಿರುವ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ಅವರು ಸಭೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ನೀವು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳಿ. ಮಾತಿಗೆ ಸಮಯದ ಮಿತಿ ಇದ್ದರೆ, ಅನುವಾದಕರ ಮೂಲಕ ಮಾತಾಡುವವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕು ಅಂತ ಅದೇ ಕಾಯ್ದೆಯಲ್ಲಿದೆ.